ಗೋಡೆಗೊಂದು ಜಿಂಕೆ

ನಮ್ಮ ಮನೆಗೆ ಹೊಸದಾಗಿ ಬಂದವರು ಮೊದಲು ಬಾಲ್ಕನಿಗೆ ಹೋಗಿ ಗಾಳಿ ಬೆಳಕು ಚೆನ್ನಾಗಿದೆ ಅನ್ನುತ್ತಾರೆ. ಅಡುಗೆಮನೆಗೆ ಇಣುಕಿ ಚಿಮಣಿ ಯಾವ ಕಂಪನಿಯದು ಎಂದು ಕೇಳುತ್ತಾರೆ. ಆಮೇಲೆ ಕೂತು, ಕಾಫಿ ಲೋಟ ಕೈಗೆ ಬಂದ ಮೇಲೆ, ಅವರ ಕಣ್ಣು ಊಟದ ಮೇಜಿನ ಪಕ್ಕದ ಗೋಡೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಮುಂದಿನ ಮಾತು ನನಗೆ ಬಾಯಿಪಾಠ. "ಅಲ್ಲ, ಇಷ್ಟು ದೊಡ್ಡ ಗೋಡೆ, ಬೋಳು ಬಿಟ್ಟಿದ್ದೀರಲ್ಲ?" ಕೇಳುವ ದನಿಯಲ್ಲಿ ಕನಿಕರವೇ ಹೆಚ್ಚು. ವಯಸ್ಸು ಮೀರುತ್ತಿರುವ ಮಗಳಿದ್ದ ಮನೆಯಲ್ಲಿ ಹಿಂದೆಲ್ಲ "ಎಲ್ಲೂ ಗೊತ್ತಾಗಲಿಲ್ಲವೆ?" ಎಂದು ಕೇಳುತ್ತಿದ್ದರಲ್ಲ, ಅದೇ ದನಿ.

ಕನಿಕರದ ಬೆನ್ನಿಗೇ ಸಲಹೆ. ಏಳು ಕುದುರೆಗಳ ಚಿತ್ರ ಹಾಕಿ ಎನ್ನುವವರ ಪಕ್ಷ ದೊಡ್ಡದು. ಸಮುದ್ರದ ದಂಡೆಯಲ್ಲಿ ನೊರೆ ಎಬ್ಬಿಸುತ್ತ ಓಡುವ ಬಿಳಿ ಕುದುರೆಗಳು. ಆರು ಆಗಬಾರದು, ಎಂಟೂ ಆಗಬಾರದು. ಅವುಗಳ ಮುಖ ಮನೆಯೊಳಕ್ಕೇ ಇರಬೇಕು. ಬಾಗಿಲ ಕಡೆ ತಿರುಗಿದವೋ, ಲಕ್ಷ್ಮಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಲಿಫ್ಟ್ ಇಳಿದುಬಿಡುತ್ತವೆ. ನಮ್ಮ ಗೋಡೆಯ ಒಂದು ತುದಿಗೆ ಮುಂಬಾಗಿಲು, ಇನ್ನೊಂದು ತುದಿಗೆ ಬಚ್ಚಲು. ಯಾವ ಕಡೆ ಓಡಿಸಿದರೂ ನಷ್ಟವೇ. ಎರಡನೆಯ ಪಕ್ಷ ಬುದ್ಧನದು. ಕಣ್ಣು ಮುಚ್ಚಿದ ಅವನ ಅರ್ಧ ಮುಖ ಮನೆಗೆ ಶಾಂತಿ ತರುತ್ತದಂತೆ. ಇರಬಹುದು, ಆದರೆ ಆಸೆ ಬಿಡಿ ಎಂದವನ ಎದುರಿಗೇ ಕೂತು ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುವುದು ಹೇಗೆ? ದೊಡ್ಡ ಕನ್ನಡಿ ಹಾಕಿ, ಮೇಜಿನ ಮೇಲಿನ ಅನ್ನ ಎರಡರಷ್ಟು ಕಾಣುತ್ತದೆ, ಸಮೃದ್ಧಿ ಎಂದವರೂ ಇದ್ದಾರೆ. ಉಣ್ಣುವವರೂ ಎರಡರಷ್ಟು ಕಾಣುತ್ತಾರೆ ಎಂಬುದನ್ನು ಅವರು ಹೇಳಲಿಲ್ಲ. ನನ್ನ ಮೈಕಟ್ಟಿಗೆ ಅದು ಒಳ್ಳೆಯ ಸಲಹೆಯಲ್ಲ.

ನಮ್ಮವರು ಯಾವ ಪಕ್ಷಕ್ಕೂ ಸೇರದೆ ಮೊದಲು ಡ್ರಿಲ್ಲಿಂಗ್ ಮಷೀನು ಕೊಂಡರು. ಏನು ತೂಗುಹಾಕಬೇಕೆಂದು ಗೊತ್ತಾಗದಿದ್ದರೂ ಪರವಾಗಿಲ್ಲ, ತೂಗುಹಾಕುವ ತಾಕತ್ತು ಕೈಯಲ್ಲಿರಬೇಕು ಎಂಬುದು ಅವರ ವಾದ. ನಾನು ನಗಲಿಲ್ಲ. ನಮ್ಮ ಸಂಸಾರದ ಬಹುಪಾಲು ಮೊಳೆ ಹೊಡೆಯುವ ಹಕ್ಕಿಲ್ಲದೆಯೇ ಕಳೆದದ್ದು.

ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ತಿಂಗಳ ಅಡ್ವಾನ್ಸ್, ನೀರು ಬಿಡುವ ಹೊತ್ತು, ನೆಂಟರು ಬಂದರೆ ಎಷ್ಟು ದಿನ, ಗೇಟಿಗೆ ಬೀಗ ಎಷ್ಟು ಗಂಟೆಗೆ, ಇದೆಲ್ಲ ಮುಗಿದು ಬೀಗದ ಕೈ ನಮ್ಮ ಕೈಗೆ ಬೀಳುವ ಗಳಿಗೆಯಲ್ಲಿ ಓನರ್ ಆಂಟಿ ಮೃದುವಾಗಿ ಹೇಳುತ್ತಾರೆ: "ಮತ್ತೇನಿಲ್ಲ, ಗೋಡೆಗೆ ಮಾತ್ರ ಮೊಳೆ ಹೊಡೀಬೇಡಿ." ಖಾಲಿ ಮಾಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹೇಗೂ ಮುರಿದುಕೊಳ್ಳುತ್ತೀರಲ್ಲ, ನಾಲ್ಕು ಮೊಳೆ ಹೊಡೆದರೇನು ಎಂದು ಕೇಳುವ ಧೈರ್ಯ ನಮಗೆ ಯಾವ ಮನೆಯಲ್ಲೂ ಬರಲಿಲ್ಲ. ಹಿಂದಿನ ಬಾಡಿಗೆಯವರು ಕದ್ದು ಹೊಡೆದಿಟ್ಟ ಮೊಳೆಗಳೇ ನಮಗೆ ಬಂದ ಪಿತ್ರಾರ್ಜಿತ. ಸಾಮಾನು ಇಳಿಸುವ ಮೊದಲು ನಾವಿಬ್ಬರೂ ಗೋಡೆಗಳ ಮೇಲೆ ಕೈಯಾಡಿಸುತ್ತ ಸುತ್ತು ಬರುತ್ತಿದ್ದೆವು. ಎಲ್ಲಿ ಮೊಳೆ ಇದೆಯೋ ಅಲ್ಲಿ ಚಿತ್ರ. ಬಸವನಗುಡಿಯ ಒಂದು ಮನೆಯಲ್ಲಿ ಇದ್ದ ಒಂದೇ ಗಟ್ಟಿ ಮೊಳೆ ಬಚ್ಚಲ ಬಾಗಿಲ ಮೇಲಿತ್ತು. ಮದುವೆ ಫೋಟೋ ಅಲ್ಲಿಗೇ ಹೋಯಿತು. ನಮ್ಮಲ್ಲಿ ಉಳಿದ ನೆಂಟರೆಲ್ಲ ಬೆಳಿಗ್ಗೆ ಬ್ರಷ್ಷು ಹಿಡಿದು ನಮ್ಮ ಧಾರೆ ನೋಡಿಯೇ ಒಳಗೆ ಹೋಗಬೇಕಿತ್ತು. ತಿಮ್ಮಪ್ಪನಿಗೆ ಸಿಕ್ಕಿದ್ದು ಫ್ಯೂಸ್ ಬಾಕ್ಸಿನ ಪಕ್ಕದ ಜಾಗ. ಕರೆಂಟು ಹೋದಾಗ ಕೈ ತಾನಾಗಿ ಅತ್ತ ಹೋಗುತ್ತಿದ್ದರಿಂದ ಅವನೇನೂ ಬೇಸರಿಸಿಕೊಂಡಿರಲಾರ.

ನಾನು ಹುಟ್ಟಿ ಬೆಳೆದ ಮನೆ ಸಾಗರದ ಹತ್ತಿರ. ಅಲ್ಲಿ ಗೋಡೆಯನ್ನು ಅಲಂಕರಿಸಿದ್ದು ಯಾರೂ ಅಲ್ಲ. ಮಣ್ಣಿನ ಗೋಡೆ ಹಸಿಯಿದ್ದಾಗಲೇ ಮರದ ಗೂಟಗಳನ್ನು ಕೂರಿಸಿಬಿಟ್ಟಿದ್ದರು. ಜಗುಲಿಯಲ್ಲಿ ಒಂದೇ ಒಂದು ಗಿಳಿಗೂಟ. ಗಿಳಿಯ ಕೊಕ್ಕು ನಾನು ಹುಟ್ಟುವ ಮೊದಲೇ ಮುರಿದಿತ್ತು. ಅದಕ್ಕೆ ಅಜ್ಜನ ಕೊಡೆ. ಪಕ್ಕದ್ದಕ್ಕೆ ಕಂಬಳಿಕೊಪ್ಪೆ, ಅದರಾಚೆ ಅಡಿಕೆ ಮಂಡಿಯ ಚೀಟಿಗಳನ್ನು ಚುಚ್ಚಿದ ತಂತಿ. ಅಜ್ಜ ಒರಗಿ ಕೂರುವ ಕಡೆ ಅವರ ತಲೆಯ ಎತ್ತರಕ್ಕೆ ಸರಿಯಾಗಿ ಎಣ್ಣೆಯ ದುಂಡು ಕಲೆ. ದೀಪಾವಳಿಗೆ ಮೊದಲು ಸುಣ್ಣ ಹೊಡೆದಾಗ ಮಾಯವಾಗಿ ಸಂಕ್ರಾಂತಿಯ ಹೊತ್ತಿಗೆ ಮತ್ತೆ ಮೂಡಿರುತ್ತಿತ್ತು. ಕವಳ ಹಾಕಲು ಬಂದವರು ಎಲೆಗೆ ಹಚ್ಚಿ ಬೆರಳಲ್ಲಿ ಉಳಿದ ಸುಣ್ಣವನ್ನು ಕಂಬಕ್ಕೆ ಒರೆಸುತ್ತಿದ್ದರು. ಆ ಬಿಳಿ ಗೀಟುಗಳನ್ನು ಎಣಿಸಿದರೆ ವರ್ಷದಲ್ಲಿ ಎಷ್ಟು ಪಂಚಾಯಿತಿ ನಡೆದವೆಂದು ಹೇಳಬಹುದಿತ್ತು. ಅಡುಗೆಮನೆಯ ಬಾಗಿಲ ಹಿಂದೆ ಇದ್ದಿಲಿನಲ್ಲಿ ಬರೆದ ಹಾಲಿನ ಲೆಕ್ಕ, ಮನೆಗೊಂದು ಸಾಲು. ಸುಣ್ಣ ಹೊಡೆದರೆ ಸಾಲವೂ ಹೋಯಿತು ಎಂದು ಹಾಲು ಕೊಳ್ಳುವವರು ನಗುತ್ತಿದ್ದರು. ಅಜ್ಜಿಯೇನು ಕಡಿಮೆಯೆ, ಸುಣ್ಣದ ಡಬ್ಬ ಒಳಗೆ ಬರುವ ಮುಂಚೆಯೇ ವಸೂಲಿ ಮುಗಿಸಿರುತ್ತಿದ್ದಳು.

ಫೋಟೋಗಳೂ ಇದ್ದವು, ಮಾಡಿಗೆ ತಾಗುವಷ್ಟು ಎತ್ತರದಲ್ಲಿ. ಕಟ್ಟು ಹಾಕಿಸಿ, ಹಿಂದೆ ದಾರ ಬಿಗಿದು, ತಲೆ ಮುಂದಕ್ಕೆ ಬಾಗುವಂತೆ ಕಟ್ಟುತ್ತಿದ್ದರು. ಮನೆಯವರೆಲ್ಲ ನೆಲದ ಮೇಲೆ ಕೂರುವವರು. ಕೂತವರಿಗೆ ಕಾಣಲೆಂದು ಆ ಬಾಗು. ಮುತ್ತಜ್ಜ ಪೇಟ ಸುತ್ತಿಕೊಂಡು ಮೇಲಿನಿಂದ ಇಣುಕಿ ನಮ್ಮ ಮಗ್ಗಿ ಕೇಳಿಸಿಕೊಳ್ಳುತ್ತಿದ್ದ. ಹದಿನೇಳರ ಮಗ್ಗಿಯಲ್ಲಿ ನಾನು ತಡವರಿಸುವುದು ಅವನಿಗೆ ಮೊದಲೇ ತಿಳಿದಿತ್ತು ಅನ್ನಿಸುತ್ತಿತ್ತು. ಗೋಡೆಗೂ ಚಿತ್ರಕ್ಕೂ ನಡುವೆ ಉಳಿಯುವ ಆ ಸಂದು ಗುಬ್ಬಿಗಳಿಗೆ ಹೇಳಿ ಮಾಡಿಸಿದ ಜಾಗ. ಬೇಸಿಗೆ ಬಂತೆಂದರೆ ಪೇಟದ ಹಿಂದಿನಿಂದ ಹುಲ್ಲು, ಬಾಳೆನಾರು, ನನ್ನದೇ ಕಳೆದುಹೋದ ರಿಬ್ಬನ್ನಿನ ತುದಿ ಜೋತಾಡುತ್ತಿದ್ದವು. ಮರಿ ಹಾರಿಹೋಗುವ ತನಕ ಮುತ್ತಜ್ಜನ ಧೂಳು ಒರೆಸುವ ಹಾಗಿರಲಿಲ್ಲ. ಈಗಿನ ಚಿತ್ರಗಳು ಗೋಡೆಗೆ ಅಂಟಿಕೊಂಡೇ ಕೂರುತ್ತವೆ. ಅವುಗಳ ಹಿಂದೆ ಹಲ್ಲಿಯೊಂದು ಹೇಗೋ ನುಸುಳೀತು, ಗುಬ್ಬಿಗಂತೂ ಜಾಗವಿಲ್ಲ.

ನಮ್ಮ ಊರಿನಲ್ಲಿ ಗೋಡೆಗೆ ಮನಸಿಟ್ಟು ಏನಾದರೂ ಮಾಡುತ್ತಿದ್ದವರೆಂದರೆ ದೀವರ ಹೆಂಗಸರು. ಅವರ ಕೇರಿಯಲ್ಲಿ ಮದುವೆ ಗೊತ್ತಾಯಿತೆಂದರೆ ನಮಗೆ ಮಕ್ಕಳಿಗೆ ಶಾಲೆಗಿಂತ ಅಲ್ಲೇ ಹೆಚ್ಚು ಕೆಲಸ. ಗೋಡೆಗೆ ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಹಸೆ ಚಿತ್ತಾರ ಬರೆಯಲು ಕೂರುತ್ತಿದ್ದರು. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಕಾಗುವ ತನಕ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಒಬ್ಬಳು ಬರೆಯುತ್ತಿದ್ದರೆ ಉಳಿದವರು ಹಾಡು ಹೇಳುತ್ತಿದ್ದರು. ಹಾಡು ನಿಂತರೆ ಕೈಯೂ ನಿಲ್ಲುತ್ತಿತ್ತು. ಎಳೆಯ ಪಕ್ಕ ಎಳೆ, ಎಳೆಯ ಮೇಲೆ ಎಳೆ, ಅಳತೆಪಟ್ಟಿ ಇಲ್ಲ, ಪೆನ್ಸಿಲಿನ ಗುರುತಿಲ್ಲ. ನಡುವಿನ ಚೌಕದಲ್ಲಿ ಮದುಮಕ್ಕಳು. ಅವರಿಗೆ ಕಣ್ಣು ಮೂಗು ಬರೆಯುವ ಗೊಡವೆಗೇ ಹೋಗುತ್ತಿರಲಿಲ್ಲ. ಹುಡುಗ ಚೆನ್ನಾಗಿಲ್ಲ, ಹುಡುಗಿ ಕಪ್ಪು ಎನ್ನುವವರ ಬಾಯಿಗೆ ಆ ಗೋಡೆಯ ಎದುರು ಕೆಲಸವಿರಲಿಲ್ಲ. ಮದುವೆ ಕಳೆದ ಮೇಲೆ ಅದನ್ನು ಕಾಪಾಡಬೇಕೆಂದು ಯಾರೂ ತಲೆಕೆಡಿಸಿಕೊಂಡದ್ದು ನಾನು ಕಾಣೆ. ಮಳೆಗಾಲದ ಥಂಡಿಗೆ ಒಂದಷ್ಟು, ಅಡಿಕೆ ಮೂಟೆ ಒರಗಿಸಿದ್ದಕ್ಕೆ ಒಂದಷ್ಟು ಮಾಸಿ, ಮುಂದಿನ ಶುಭಕಾರ್ಯಕ್ಕೆ ಮತ್ತೆ ಕೆಮ್ಮಣ್ಣು ಬೀಳುತ್ತಿತ್ತು.

ಆ ಕೇರಿಯ ಅಕ್ಕ ಒಬ್ಬರು ಒಂದು ಜನವರಿಯಲ್ಲಿ ಮಗನ ಮನೆಗೆಂದು ಬೆಂಗಳೂರಿಗೆ ಬಂದಿದ್ದರು. ಅವರನ್ನು ಚಿತ್ರಸಂತೆಗೆ ಕರೆದೊಯ್ದೆ. ಚಿತ್ರಕಲಾ ಪರಿಷತ್ತಿನ ಮುಂದಿನ ಕುಮಾರಕೃಪಾ ರಸ್ತೆ ಆ ಒಂದು ದಿನ ಪೂರ್ತಿ ಚಿತ್ರಗಳ ಪಾಲು. ಫುಟ್‌ಪಾತಿನ ಮೇಲೆ, ಮರದ ಬುಡದಲ್ಲಿ, ಕಾಂಪೌಂಡಿಗೆ ಒರಗಿಸಿ, ಎಲ್ಲೆಲ್ಲೂ ಚಿತ್ರ. ನಾನು ಪ್ರತಿಸಲ ಗೋಡೆಯ ಅಳತೆ ಬರೆದ ಚೀಟಿ ಹಿಡಿದು ಹೋಗಿ, ಜನರ ಭುಜಗಳ ನಡುವೆ ಚಿತ್ರಗಳ ಮೂಲೆಗಳನ್ನಷ್ಟೇ ನೋಡಿ, ಚುರುಮುರಿ ತಿಂದು ವಾಪಸು ಬರುವವಳು. ಆ ಸಲ ಒಂದು ಕಡೆ ಚಿತ್ತಾರ ಕಂಡಿತು. ಹಲಗೆಯ ಮೇಲೆ ಕೆಂಪು ಬಳಿದು, ಬಿಳಿ ಎಳೆ ಎಳೆದು, ಗಾಜಿನ ಕಟ್ಟು ಹಾಕಿಸಿ, ಹಿಂದೆ ಕೊಂಡಿ ಕೂಡ ಕೂರಿಸಿದ್ದರು. ಅಕ್ಕ ಸೆರಗು ಸರಿಮಾಡಿಕೊಂಡು ಬಗ್ಗಿ ಎಳೆಗಳನ್ನು ಎಣಿಸಿದರು. ಕೈ ಚೆನ್ನಾಗಿದೆ ಎಂದು ಒಪ್ಪಿದರು. ಕೊಂಡಿ ತಿರುಗಿಸಿ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. "ಗೋಡೆ ಮೇಲಿಂದ ಕಿತ್ಕಂಡು ಹಲಗೆಗೆ ತಂದರು, ಈಗ ಹಲಗೇನ ಗೋಡೆಗೆ ಕಟ್ಟಬೇಕಾ? ಸೀದಾ ಗೋಡೆಗೇ ಬರೀಲಕ್ಕಾಗದಾ ಮಾರಾಯ್ತಿ?" ನಿಮ್ಮ ಗೋಡೆಗೆ ನಾನೇ ಬರೆದುಕೊಡುತ್ತೇನೆ ಅಂದರು. ಸಾಲದ್ದಕ್ಕೆ ಒಂದು ಮಾತು ಸೇರಿಸಿದರು: ಮನೆಯಲ್ಲಿ ಮದುವೆ ಯಾವಾಗ ಅಂತ ಹೇಳು, ಅದಕ್ಕೆ ಸರಿಯಾಗಿ ಬರ್ತೇನೆ. ನಮ್ಮ ಮನೆಯಲ್ಲಿ ಮದುವೆಗೆ ಬಂದವರು ಸದ್ಯಕ್ಕೆ ಯಾರೂ ಇಲ್ಲ. ಮಗ ಕೆನಡಾದಲ್ಲಿ ಮದುವೆಯಾಗಿ ವೀಡಿಯೊ ತೋರಿಸಿ ಆಗಿದೆ.

ಮದುವೆ ಎಂದಾಗ ನಮ್ಮ ಮಣಿಯ ಜಿಂಕೆಯ ಕತೆ ಹೇಳಲೇಬೇಕು. ಆಗಿನ ಕಾಲದಲ್ಲಿ ಹೆಣ್ಣು ನೋಡಲು ಬಂದವರಿಗೆ ಹುಡುಗಿಯ ಜೊತೆ ಅವಳ ಕೈಕೆಲಸವನ್ನೂ ತೋರಿಸಬೇಕಿತ್ತು. ದಪ್ಪ ಬಟ್ಟೆಯ ಮೇಲೆ ಅಡ್ಡಹೊಲಿಗೆಯ ಗಿಳಿಜೋಡಿ, ಬಳೆಚೂರು ಅಂಟಿಸಿದ ಹೂದಾನಿ, ಪ್ಲಾಸ್ಟಿಕ್ ವಯರಿನ ಬುಟ್ಟಿ, ಮಣಿ ಪೋಣಿಸಿದ 'ಸುಸ್ವಾಗತ'. ಗಂಡಿನ ತಾಯಿ ಉಪ್ಪಿಟ್ಟು ತಿನ್ನುತ್ತ ತಲೆಯೆತ್ತಿ ಗೋಡೆಯ ಕಡೆ ನೋಡಬೇಕು, ಆಗ ನಮ್ಮ ಕಡೆಯ ಹಿರಿಯರೊಬ್ಬರು "ಎಲ್ಲ ನಮ್ಮ ಹುಡುಗಿಯೇ ಮಾಡಿದ್ದು" ಎಂದು ಏನೂ ಅಲ್ಲವೆಂಬಂತೆ ಹೇಳಬೇಕು. ನಮ್ಮ ಮನೆತನದಲ್ಲಿ ಗೋಡೆಗೆ ತೂಗುವಂಥ ಕೈಕೆಲಸ ಇದ್ದದ್ದು ಒಂದೇ: ಕಪ್ಪು ಮಖಮಲ್ಲಿನ ಮೇಲೆ ಕಂದು, ಬಿಳಿ ಮಣಿಗಳಲ್ಲಿ ಕೂರಿಸಿದ ಜಿಂಕೆ. ಅದು ದೊಡ್ಡಮ್ಮನ ಟ್ರಂಕಿನಲ್ಲಿ ಹಳೆಯ ಪಂಚೆ ಸುತ್ತಿಕೊಂಡು ಮಲಗಿರುತ್ತಿತ್ತು. ಯಾರ ಮನೆಗೆ ಗಂಡಿನವರು ಬರುತ್ತಾರೋ ಹಿಂದಿನ ದಿನ ಆ ಮನೆಗೆ ಬಸ್ಸು ಹತ್ತಿ ಹೋಗುತ್ತಿತ್ತು. ಸೊರಬದ ಅಕ್ಕನ ಗೋಡೆಗೂ ಅದೇ, ಹೊಸನಗರದ ಚಿಕ್ಕಮ್ಮನ ಮಕ್ಕಳ ಗೋಡೆಗೂ ಅದೇ. ನನ್ನ ಸರದಿ ಬಂದಾಗ ಅದರ ಒಂದು ಕಣ್ಣು ಉದುರಿತ್ತು. ಅಮ್ಮ ಒಂದು ಕರಿಮಣಿ ಹೊಲಿದು ಕೂರಿಸಿದಳು. ನಮ್ಮ ಮನೆಯ ಮಟ್ಟಿಗೆ ಆ ಜಿಂಕೆಯಲ್ಲಿ ನಮ್ಮ ಕೈಕೆಲಸವೆಂದರೆ ಅಷ್ಟೇ. ಮೈಸೂರಿನಿಂದ ಬಂದ ಅತ್ತೆ ಅದನ್ನು ದಿಟ್ಟಿಸಿ ನೋಡಿ, "ಎಷ್ಟು ದಿನ ಹಿಡೀತಮ್ಮ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅದನ್ನು ನಾಚಿಕೆ ಎಂದು ತಿಳಿದು ಅವರು ಅಲ್ಲೇ ಒಪ್ಪಿದರು.

ಮದುವೆಯಾಗಿ ಮೈಸೂರಿನ ಮನೆಗೆ ಕಾಲಿಟ್ಟಾಗ ಅತ್ತೆಗೆ ಜಿಂಕೆ ಯಾಕೆ ಹಿಡಿಸಿತೆಂದು ನನಗೆ ಅರ್ಥವಾಯಿತು. ಅಲ್ಲಿ ನಡುಮನೆಯ ಗೋಡೆಯಲ್ಲಿ ಅಂಗೈಯಗಲ ಖಾಲಿ ಜಾಗವಿರಲಿಲ್ಲ, ಆದರೂ ಇನ್ನೊಂದು ಬೇಕು ಎನ್ನುವ ಜನ. ನಡುವೆ ರವಿವರ್ಮನ ಲಕ್ಷ್ಮಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದ ಮೇಲೆ, ಅರಮನೆಗಳಲ್ಲಿದ್ದ ದೇವಿಯರು ಓಣಿಯ ಮನೆಗಳಿಗೂ ಬಂದರಲ್ಲ, ಅಂಥದ್ದರಲ್ಲಿ ಒಂದು. ಅತ್ತೆಯ ಅತ್ತೆಗೆ ಅಚ್ಚಿನ ಸೀರೆ ಸಾಲದೆನಿಸಿ, ಹರಿದ ಸೀರೆಯ ನಿಜವಾದ ಜರಿ ಕತ್ತರಿಸಿ ಲಕ್ಷ್ಮಿಗೆ ಉಡಿಸಿದ್ದರು. ಒಡವೆಗೆ ಚಮ್ಕಿ, ಅಂಚಿಗೆ ಸಣ್ಣ ಮುತ್ತು. ಆಗೆಲ್ಲ ಬಹಳ ಮನೆಗಳಲ್ಲಿ ಹೆಂಗಸರು ಹೀಗೆ ಮಾಡುತ್ತಿದ್ದರು. ಗಾಜಿನ ಹಿಂದಿನ ಆ ಸೀರೆ ನನ್ನ ಧಾರೆ ಸೀರೆಗಿಂತ ಭಾರವಾಗಿತ್ತು. ಸುತ್ತಲೂ ಕ್ಯಾಲೆಂಡರಿನ ದೇವರುಗಳು. ಜವಳಿ ಅಂಗಡಿಯವರು, ಚಿನ್ನದಂಗಡಿಯವರು, ಸಹಕಾರಿ ಬ್ಯಾಂಕಿನವರು ಕೊಟ್ಟವು. ಶಿವಕಾಶಿಯಲ್ಲಿ ಅಚ್ಚಾದವು, ನಮ್ಮ ಕಲಬುರಗಿಯ ಎಸ್. ಎಂ. ಪಂಡಿತರ ಕೈಯಿಂದ ಬಂದ ಪುರಾಣದವು. ಡಿಸೆಂಬರ್ ಮುಗಿಯಿತೆಂದು ತಾರೀಕಿನ ಹಾಳೆ ಕಿತ್ತು ಪುಸ್ತಕಕ್ಕೆ ರಟ್ಟು ಹಾಕಬಹುದು, ದೇವರನ್ನು ಎಲ್ಲಿಗೆ ಹಾಕುವುದು? ಕಟ್ಟು ಹಾಕಿಸಿ ಗೋಡೆಗೆ. ವರ್ಷಕ್ಕೊಂದರಂತೆ ಗೋಡೆ ತುಂಬಿ, ದೇವರು ದೇವರನ್ನು ಒತ್ತರಿಸಿ ಮೆಟ್ಟಿಲ ತನಕ ಬಂದಿದ್ದರು. ಗಾಜು ಒಡೆದವರು ಮಾತ್ರ ಅಶ್ವತ್ಥಕಟ್ಟೆಗೆ ಹೋಗುತ್ತಿದ್ದರು.

ಮದುವೆಯ ಹೊಸತರಲ್ಲಿ ಎಲ್ಲರೂ ಸೇರಿ ಶ್ರೀರಂಗಪಟ್ಟಣಕ್ಕೆ ಹೋದದ್ದು ನೆನಪಿದೆ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ತಿನ ಪಡುವಣ ಗೋಡೆಯ ಮುಂದೆ ಅತ್ತೆ ಬಹಳ ಹೊತ್ತು ನಿಂತರು. 1780ರ ಪೊಳ್ಳಿಲೂರಿನ ಯುದ್ಧ: ಒಂದು ಕಡೆ ಆನೆಯ ಮೇಲೆ ಹೈದರ್, ಇನ್ನೊಂದು ಕಡೆ ಇಂಗ್ಲಿಷರ ಚೌಕ, ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೇಯ್ಲಿ. ಕುದುರೆಗಳು ಏಳಲ್ಲ, ಎಣಿಸಿದರೆ ಮುಗಿಯದಷ್ಟು, ಅದೂ ಎರಡೂ ದಿಕ್ಕಿಗೆ ಓಡುತ್ತಿವೆ. ವಾಸ್ತುವಿನವರು ಇದನ್ನು ನೋಡಿ ಶ್ರೀರಂಗಪಟ್ಟಣ ಬಿದ್ದದ್ದು ಯಾಕೆಂದು ತಕ್ಷಣ ಹೇಳಿಯಾರು. ಆ ಚಿತ್ರದ ಮೇಲೂ ಸುಣ್ಣ ಬಳಿದಿದ್ದರಂತೆ; ಟಿಪ್ಪು ಸತ್ತ ಮೇಲೆ ಅಲ್ಲಿ ಬಿಡಾರ ಮಾಡಿದ್ದ ವೆಲ್ಲೆಸ್ಲಿ ಸರಿಪಡಿಸಿದ, ಮುಂದೆ ಡಾಲ್‌ಹೌಸಿ ಮತ್ತೆ ಬರೆಸಿದ. ಸೋತವರೇ ತಮ್ಮ ಸೋಲಿನ ಚಿತ್ರಕ್ಕೆ ಬಣ್ಣ ಕೊಡಿಸಿದ್ದು ನನಗೆ ಈಗಲೂ ಸೋಜಿಗ. ಅತ್ತೆಗೆ ಮಾತ್ರ ಬೇರೆ ಚಿಂತೆ. "ಇಷ್ಟು ಜನರ ಧೂಳು ಒರೆಸೋರು ಯಾರು?" ಅಂದರು.

ಈಗ ಆ ಮೈಸೂರಿನ ಮನೆ ಇಲ್ಲ. ಭಾಗವಾದಾಗ ಲಕ್ಷ್ಮಿ ಭಾವನವರ ಪಾಲಿಗೆ ಹೋದಳು, ಯಾರೂ ಜಗಳವಾಡಲಿಲ್ಲ. ನಮಗೆ ಬಂದದ್ದು ಈ ಫ್ಲ್ಯಾಟಿನ ಮುಂಗಡಕ್ಕಾಗುವಷ್ಟು ಹಣ. ಗೋಡೆ ನಮ್ಮದೇ ಆಯಿತು. ಮೊಳೆ ಹೊಡೆಯಬೇಡಿ ಎನ್ನುವವರು ಯಾರೂ ಇಲ್ಲದಾಗ ತಿಳಿದದ್ದು, ಇದು ಕಾಂಕ್ರೀಟಿನ ಗೋಡೆ, ಮೊಳೆಯನ್ನು ಒಳಗೆ ಬಿಡುವುದೇ ಇಲ್ಲ. ಸುತ್ತಿಗೆ ಏಟಿಗೆ ಮೊಳೆ ಬಾಗಿ ನಮಸ್ಕಾರ ಮಾಡುತ್ತದೆ. ಮಷೀನಿನಲ್ಲಿ ಕೊರೆದು, ಪ್ಲಾಸ್ಟಿಕ್ ಪ್ಲಗ್ ಕೂರಿಸಿ, ಸ್ಕ್ರೂ ಬಿಗಿಯಬೇಕು. ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಕೊರೆಯಬಾರದು, ವಯರಿನ ಪೈಪು ಹೋಗಿರುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಕೊರೆಯಬಾರದು, ಅಸೋಸಿಯೇಷನ್ನಿನವರು ಮಲಗಿರುತ್ತಾರೆ. ನಮ್ಮವರು ಇಷ್ಟನ್ನೂ ಕಲಿತು, ನಮ್ಮ ಗೋಡೆಗೆ ಏನೆಂದು ತೀರ್ಮಾನವಾಗದ ಕಾರಣ, ಕೈ ಪಳಗಲೆಂದು ಬೇರೆಯವರ ಮನೆಗೆ ಹೋಗತೊಡಗಿದರು. ಮೂರನೇ ಮಹಡಿಯ ಲೋಹದ ನವಿಲು, ಕೆಳಗಿನವರ ಬುದ್ಧ, ಪಕ್ಕದವರ ಏಳು ಕುದುರೆ, ಎಲ್ಲ ನಿಂತಿರುವುದು ನಮ್ಮವರ ಸ್ಕ್ರೂಗಳ ಮೇಲೆ. ಭಾನುವಾರ ಬೆಳಿಗ್ಗೆ ಕಾಲಿಂಗ್ ಬೆಲ್ ಆದರೆ ನಾನು ಬಾಗಿಲು ತೆಗೆಯುವ ಮೊದಲು ಮಷೀನಿನ ಪೆಟ್ಟಿಗೆ ತೆಗೆದಿಡುತ್ತೇನೆ.

ಹೋದ ತಿಂಗಳು ಸೊರಬದ ಅಕ್ಕ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಹಾಕಿದಳು. ದೊಡ್ಡಮ್ಮನ ಟ್ರಂಕು ಖಾಲಿ ಮಾಡುವಾಗ ಸಿಕ್ಕಿತಂತೆ: ಕಪ್ಪು ಮಖಮಲ್ಲು, ಕಂದು ಮೈ, ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದು. "ಇದು ಯಾರದು?" ಎಂದು ಕೆಳಗೆ ಬರೆದಿದ್ದಳು. ಗುಂಪಿನಲ್ಲಿದ್ದ ಭಾವಂದಿರು ಒಬ್ಬೊಬ್ಬರಾಗಿ ಎದ್ದುಬಂದರು. ಹೊಸನಗರದ ಭಾವ, ಇದು ನಮ್ಮವಳು ಮಾಡಿದ್ದು, ನಾನೇ ಕಣ್ಣಾರೆ ನೋಡಿದ್ದೇನೆ ಎಂದರು. ದಾವಣಗೆರೆಯವರು, ಸಾಧ್ಯವೇ ಇಲ್ಲ, ನಮ್ಮ ತಾಯಿ ಈ ಜಿಂಕೆ ನೋಡಿಯೇ ಒಪ್ಪಿದ್ದು ಎಂದರು. ನಮ್ಮವರು ಕನ್ನಡಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿ, ಟೈಪು ಮಾಡುವ ಮೊದಲು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅಭ್ಯಾಸ. ಅಕ್ಕತಂಗಿಯರು ಯಾರೂ ಒಂದು ಅಕ್ಷರ ಬರೆಯಲಿಲ್ಲ.

ಸಂಜೆ ದೊಡ್ಡಮ್ಮನ ದನಿ ಬಂತು, ಮೊಮ್ಮಗನ ಫೋನಿನಲ್ಲಿ ಮಾತಾಡಿ ಕಳಿಸಿದ್ದು. ಮೊದಲು ಕೆಮ್ಮು, ಆಮೇಲೆ ಪಾತ್ರೆ ಬಿದ್ದ ಸದ್ದು, ಆಮೇಲೆ ಮಾತು. "ಅದನ್ನ ನಮ್ಮಲ್ಲಿ ಯಾರೂ ಮಾಡಿದ್ದಲ್ಲ ಮಾರಾಯ್ರ. ಸಾಗರದ ಮಾರಿಜಾತ್ರೇಲಿ ತಗಂಡಿದ್ದು. ಚೌಕಾಸಿ ಮಾಡಿದ್ದು ಮಾತ್ರ ನಾನೇ." ಭಾವಂದಿರ ಕಡೆ ಅಖಂಡ ಮೌನ. ದೊಡ್ಡಮ್ಮ ಮುಂದುವರಿಸಿದ್ದಳು: ತನಗಿನ್ನು ಬೇಡ, ಯಾರ ಮನೇಲಿ ಗೋಡೆ ಖಾಲಿ ಇದೆಯೋ ಅವರು ತಗೊಂಡು ಹೋಗಿ, ಆದರೆ ಒಂದು ಕರಾರು, ನೋಡಿದವರು ಕೇಳಿದರೆ ನಾನೇ ಮಾಡಿದ್ದು ಅಂತಲೇ ಹೇಳಬೇಕು.

ಉಳಿದವರು ಯೋಚಿಸುತ್ತಿರುವಾಗಲೇ ನಾನು ಕೈ ಎತ್ತಿದೆ. ನಮ್ಮವರು ಮಷೀನು ತೆಗೆದರು. ಬಂದವರಿಗೆ ಹೇಳಲು ನನಗೇನೂ ಕಷ್ಟವಾಗುತ್ತಿಲ್ಲ. ಎಷ್ಟು ದಿನ ಹಿಡಿಯಿತು ಎಂದು ಕೇಳಿದರೆ, ಸುಮಾರು ಹಿಡಿಯಿತು ಅನ್ನುತ್ತೇನೆ.